ದಿಕ್ಸೂಚಿ ಚಿಕ್ಕಮಗಳೂರಿನಲ್ಲಿ ಮೂವತ್ತು ಡಿಗ್ರಿ ತಪ್ಪುವುದಿಲ್ಲ

ಮನೆಯಲ್ಲೇ ಕಟ್ಟುತ್ತಿರುವ ವಿಮಾನ ಸಿಮ್ಯುಲೇಟರಿನ ಕಾಕ್‌ಪಿಟ್ಟಿನಲ್ಲಿ ಕೊನೆಗೂ ದಿಕ್ಸೂಚಿ ಹಾದಿಗೆ ಬಂತು. ಚೌಕಟ್ಟು, ಯೋಕ್ (ವಿಮಾನದ ಸ್ಟೀರಿಂಗ್), ಪೆಡಲ್, ಆರು ಮೀಟರುಗಳ ಫಲಕ ಇವುಗಳ ಬಗ್ಗೆ ಈ ಸಲ ಬರೆಯುವುದಕ್ಕೇನೂ ಇಲ್ಲ. ಮಳೆಗಾಲ ಪೂರ್ತಿ ಕಾಡಿದ್ದು ಮುಂಗಾಜಿನ ನಡುವೆ ಕೂರುವ ಆ ಪುಟ್ಟ ಬಟ್ಟಲು ದಿಕ್ಸೂಚಿ ಮಾತ್ರ.

ಗೆಳೆಯನ ಮಗಳು ಖಾಸಗಿ ಪೈಲಟ್ ಲೈಸೆನ್ಸ್ ಮುಗಿಸಿ ಹೊರಗೇನೂ ಕಾಣದಾಗ ಮೀಟರುಗಳನ್ನೇ ನಂಬಿ ಹಾರುವ ಅರ್ಹತೆಗೆ, ಅಂದರೆ ಇನ್‌ಸ್ಟ್ರುಮೆಂಟ್ ರೇಟಿಂಗ್‌ಗೆ, ಸಿದ್ಧಳಾಗುತ್ತಿದ್ದಾಳೆ. ವಿಮಾನಯಾನ ನಿಯಂತ್ರಕ ಡಿಜಿಸಿಎ ಕೇಳುವ 40 ಗಂಟೆಗಳ ಲೆಕ್ಕಕ್ಕೆ ನನ್ನ ಮನೆಯ ಕಾಕ್‌ಪಿಟ್ಟಿನ ಒಂದು ನಿಮಿಷವೂ ಸೇರದು. ಆದರೆ ಮುಳ್ಳಿನಿಂದ ಮುಳ್ಳಿಗೆ ಕಣ್ಣು ಓಡಿಸುವ ಶಿಸ್ತಿಗೆ ಇಂಧನ ಬೇಕಿಲ್ಲ. ಅವಳಿಗೆ ಬೇಕಾಗಿದ್ದು ಪಾರ್ಶಿಯಲ್ ಪ್ಯಾನಲ್ ಅಭ್ಯಾಸ, ಅಂದರೆ ಕೆಲವು ಮೀಟರು ಕೆಟ್ಟಾಗ ಉಳಿದವುಗಳಿಂದಲೇ ಹಾರುವುದು. ಮೋಡದೊಳಗೆ ವ್ಯಾಕ್ಯೂಮ್ ಪಂಪ್ ಕೈಕೊಟ್ಟರೆ ಅದರಿಂದ ಓಡುವ ಆಟಿಟ್ಯೂಡ್ ಇಂಡಿಕೇಟರ್ (ವಿಮಾನದ ವಾಲು ತೋರಿಸುವುದು), ಹೆಡಿಂಗ್ ಇಂಡಿಕೇಟರ್ (ದಿಕ್ಕು ತೋರಿಸುವುದು) ಎರಡೂ ಮಲಗುತ್ತವೆ. ತಿರುವಿನ ವೇಗ ತೋರಿಸುವ, ವಿದ್ಯುತ್ತಿನಿಂದ ಓಡುವ ಟರ್ನ್ ಕೋಆರ್ಡಿನೇಟರ್ ಉಳಿಯುತ್ತದೆ, ದಿಕ್ಕಿಗೆ ದಿಕ್ಸೂಚಿಯೊಂದೇ ಗತಿ.

ಸಿಮ್ಯುಲೇಟರ್ ತಂತ್ರಾಂಶದಿಂದ ದಿಕ್ಕು, ಓಲು (ರೆಕ್ಕೆ ಪಕ್ಕಕ್ಕೆ ವಾಲಿದ ಕೋನ), ವೇಗದ ಏರಿಳಿತ ಇವಿಷ್ಟನ್ನೇ ಪಡೆದು ದಿಕ್ಸೂಚಿಯ ನಡವಳಿಕೆಯನ್ನು ನಾನೇ ಬರೆದಿದ್ದೆ. ಮೊದಲ ಅಭ್ಯಾಸದಲ್ಲೇ ತಕರಾರು ಬಂತು. ಪೂರ್ವದಿಂದ ಎಡಕ್ಕೆ ತಿರುಗಿ ಉತ್ತರಕ್ಕೆ ನಿಲ್ಲಬೇಕು. ಉತ್ತರಕ್ಕೆ ಬರುವಾಗ ದಿಕ್ಸೂಚಿ ಹಿಂದುಳಿಯುತ್ತದೆ, ಆದ್ದರಿಂದ 30 ಡಿಗ್ರಿ ಮೊದಲೇ ರೆಕ್ಕೆ ಸಮ ಮಾಡಿ ಎಂದು ಅವಳ ಪುಸ್ತಕ ಹೇಳುತ್ತದೆ. ಅವಳು ಅಚ್ಚುಕಟ್ಟಾಗಿ ಹಾಗೆಯೇ ಮಾಡಿದಳು. ದಿಕ್ಸೂಚಿ ತೂಗಾಡಿ ನಿಂತಾಗ ಉತ್ತರಕ್ಕೆ ಇನ್ನೂ 26 ಡಿಗ್ರಿ ಬಾಕಿ! ಪುಸ್ತಕ ತಪ್ಪೋ, ನನ್ನ ಯಂತ್ರ ತಪ್ಪೋ ಎಂಬ ವಾದ ಊಟದ ಹೊತ್ತಿಗೂ ಮುಗಿಯಲಿಲ್ಲ.

ನಾನು ಯಂತ್ರದ ಪರ. ಭೂಮಿಯ ಕಾಂತಕ್ಷೇತ್ರ ನೆಲಕ್ಕೆ ಸಮಾನಾಂತರವಾಗಿಲ್ಲ. ನಮ್ಮ ಕಡೆ ಉತ್ತರಕ್ಕೆ ಮುಖ ಮಾಡಿ ಕೆಳಕ್ಕೆ ಬಾಗಿರುತ್ತದೆ. ವಿಮಾನ ಓಲಿದಾಗ ದಿಕ್ಸೂಚಿಯ ಅಂಕಿಬಿಲ್ಲೆಯೂ ಓಲುತ್ತದೆ, ಆಗ ಆ ಕೆಳಮುಖದ ಸೆಳೆತ ಬಿಲ್ಲೆಯನ್ನು ಪಕ್ಕಕ್ಕೆ ಎಳೆಯುತ್ತದೆ. ಉತ್ತರ ದಿಕ್ಕಿನಲ್ಲಿ ಎಷ್ಟು ತಪ್ಪುತ್ತದೆ ಎಂಬುದರ ಸೂತ್ರ ಸರಳ: ನತಿ ಕೋನದ (ಕಾಂತಕ್ಷೇತ್ರ ಕೆಳಕ್ಕೆ ಬಾಗಿರುವ ಕೋನ) ಟ್ಯಾನ್ ಅನ್ನು ಓಲಿನ ಸೈನ್‌ನಿಂದ ಗುಣಿಸಿ, ತಪ್ಪಿನ ಟ್ಯಾನ್ ಸಿಗುತ್ತದೆ. ಲಂಡನ್ನಿನಲ್ಲಿ ನತಿ ಸುಮಾರು 66 ಡಿಗ್ರಿ. ಸೆಕೆಂಡಿಗೆ 3 ಡಿಗ್ರಿಯ ತಿರುವಿಗೆ ಸಣ್ಣ ವಿಮಾನ 15 ಡಿಗ್ರಿಯಷ್ಟು ಓಲಬೇಕು. ಲೆಕ್ಕ ಹಾಕಿದರೆ ತಪ್ಪು ಸರಿಯಾಗಿ 30 ಡಿಗ್ರಿ. ಪುಸ್ತಕದ ಅಂಕಿ ಅಲ್ಲಿಗೆ ಹೊಂದುತ್ತದೆ. ಆದರೆ ನಮ್ಮಲ್ಲಿ ನತಿ 10ರಿಂದ 15ರ ನಡುವೆ. 13 ಎಂದು ಹಿಡಿದರೆ ತಪ್ಪು ಮೂರೂವರೆ ಡಿಗ್ರಿಗೂ ಕಡಿಮೆ!

ಅಕ್ಷಾಂಶ ಎಷ್ಟೋ ಅಷ್ಟು ಡಿಗ್ರಿ ಮೊದಲೇ ನಿಲ್ಲಿಸಿ ಎಂಬ ಇನ್ನೊಂದು ನಿಯಮವೂ ಚಾಲ್ತಿಯಲ್ಲಿದೆ. ಅದೂ ಇಲ್ಲಿ ಸೋಲುತ್ತದೆ. ನಾವು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದ್ದೇವೆ ನಿಜ, ಆದರೆ ನತಿ ಸೊನ್ನೆಯಾಗುವ ಕಾಂತೀಯ ಸಮಭಾಜಕ ಹಾದುಹೋಗುವುದು ಭಾರತದ ದಕ್ಷಿಣ ತುದಿಯ ಹತ್ತಿರ. ಭಾರತೀಯ ಭೂಕಾಂತತ್ವ ಸಂಸ್ಥೆ ತಿರುನಲ್ವೇಲಿಯಲ್ಲಿ ಕೇಂದ್ರ ನಡೆಸುವುದು ಇದೇ ಕಾರಣಕ್ಕೆ. ಮಾಲ್ಡೀವ್ಸ್‌ನ ಮಾಲೆ ಭೂಗೋಳದ ಪ್ರಕಾರ ಉತ್ತರಾರ್ಧದಲ್ಲಿದ್ದರೂ ಕಾಂತೀಯವಾಗಿ ದಕ್ಷಿಣಕ್ಕೆ ಬೀಳುತ್ತದೆ, ಅಲ್ಲಿ ದಿಕ್ಸೂಚಿ ಹಿಂದುಳಿಯುವ ಬದಲು ಮುಂದೋಡುತ್ತದೆ. ಇದು ತಿಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಅಷ್ಟು ಸಂತೋಷ.

ಲೆಕ್ಕವಷ್ಟೇ ಸಾಲದು, ಕಣ್ಣಿಗೆ ಕಾಣಬೇಕು ಎಂದು ಅವಳ ಹಟ. ಹೆಣಿಗೆ ಕಡ್ಡಿಯೊಂದನ್ನು ದಾರದಲ್ಲಿ ಸಮತೂಕಕ್ಕೆ ಕಟ್ಟಿ, ಆಮೇಲೆ ಅಯಸ್ಕಾಂತದಿಂದ ಉಜ್ಜಿ, ಕಬ್ಬಿಣದಿಂದ ದೂರವಾಗಿ ತೋಟದ ನಡುವಿನ ಸಿಲ್ವರ್ ಓಕ್ ಕೊಂಬೆಗೆ ತೂಗುಹಾಕಿದೆವು. ಮಳೆ ಬಿಟ್ಟರೆ ಗಾಳಿ, ಗಾಳಿ ನಿಂತರೆ ಮಳೆ. ಕೊನೆಗೆ ಬಿಡುವು ಸಿಕ್ಕಾಗ ಕಡ್ಡಿ ಉತ್ತರಕ್ಕೆ ತಿರುಗಿ ತುದಿಯನ್ನು ತುಸುವೇ ತಗ್ಗಿಸಿ ನಿಂತಿತು. ಕೋನಮಾಪಕ ಹಿಡಿದು ನೋಡಿದವಳು ಒಪ್ಪಿಕೊಂಡಳು.

ಈಗ ಸರಬರಾಜಿನವರ ವಿಷಯ. ದಿಕ್ಸೂಚಿಗೆ ಸುತ್ತ ಪೂರ್ತಿ ತಿರುಗುವ ಸ್ಟೆಪರ್ ಮೋಟಾರ್ (ಸಣ್ಣ ಸಣ್ಣ ಹೆಜ್ಜೆಯಲ್ಲಿ ತಿರುಗುವ ಮೋಟಾರ್) ಬೇಕು. ಬೆಂಗಳೂರಿನ ಅಂಗಡಿಯೊಂದು ಕಾರಿನ ಮೀಟರಿಗೆ ಹಾಕುವ, 315 ಡಿಗ್ರಿಗೆ ನಿಲ್ಲುವ ಮೋಟಾರನ್ನೇ ಮತ್ತೆ ಮತ್ತೆ ಕಳುಹಿಸಿತು. ಫೋನ್ ಮಾಡಿದರೆ ‘ಎರಡೂ ಒಂದೇ ಸಾರ್’ ಎಂಬ ಉತ್ತರ. ಉಳಿದ 45 ಡಿಗ್ರಿಯಲ್ಲಿ ವಿಮಾನ ಹಾರಲೇಬಾರದೇ? ಮುಚ್ಚಳ ಬಿಚ್ಚಿ ಒಳಗಿನ ತಡೆಯನ್ನು ಬ್ಲೇಡಿನಿಂದ ಕತ್ತರಿಸಿ, ಸೊನ್ನೆಯ ಗುರುತಿಗೆ ಅಯಸ್ಕಾಂತವನ್ನು ಗುರುತಿಸುವ ಹಾಲ್ ಸೆನ್ಸರ್ ಹಾಕಿದೆ. ಅಂಕಿಪಟ್ಟಿಯ ಕಥೆ ಇನ್ನೂ ಸ್ವಾರಸ್ಯ. ಬಟ್ಟಲು ದಿಕ್ಸೂಚಿಯಲ್ಲಿ ನಾವು ಬಿಲ್ಲೆಯ ಹಿಂಬದಿಯನ್ನು ಓದುತ್ತೇವೆ, ಆದ್ದರಿಂದ ಉತ್ತರದ ಬಲಕ್ಕೆ 33 (ಅಂದರೆ 330 ಡಿಗ್ರಿ), ಎಡಕ್ಕೆ 3 (ಅಂದರೆ 30 ಡಿಗ್ರಿ) ಬರಬೇಕು. ಮುದ್ರಣದಂಗಡಿಯವರು ನನ್ನ ಮೇಲಿನ ಪ್ರೀತಿಯಿಂದ ಅದನ್ನು ‘ಸರಿಪಡಿಸಿ’ ಕೊಟ್ಟರು, ಎರಡನೆಯ ಸಲವೂ.

ನಡುವೆ ಒಂದು ಮಾತು: ಮುಂದಿನ ಕೆಲಸ ಎಡಿಎಫ್ ಮುಳ್ಳು, ಅಂದರೆ ನೆಲದ ರೇಡಿಯೊ ಕೇಂದ್ರದ ಕಡೆಗೆ ತಿರುಗಿ ನಿಲ್ಲುವ ಮುಳ್ಳು. ರೇಡಿಯೊ ಅಲೆಗಳು ಕರಾವಳಿಯನ್ನು ಓರೆಯಾಗಿ ದಾಟುವಾಗ ಬಾಗುತ್ತವೆ, ರಾತ್ರಿ ಮುಳ್ಳು ಅಲೆದಾಡುತ್ತದೆ. ಮಂಗಳೂರಿನ ಕಡಲ ಮೇಲಿಂದ ಬರುವ ವಿಮಾನಕ್ಕೆ ಆ ಬಾಗನ್ನೂ ಸೇರಿಸಬೇಕೆಂದು ಆಸೆ. ಹಳೆಯ ಉಪಕರಣ, ಈಗ ಯಾರಿಗೆ ಬೇಕು ಎಂದು ಕೇಳುವವರಿದ್ದಾರೆ. ನನಗೆ ಬೇಕು.

ದಿಕ್ಸೂಚಿಯ ಕೋಡಿನಲ್ಲಿ ಈಗ ನತಿ ಸ್ಥಿರ ಅಂಕಿಯಲ್ಲ, ವಿಮಾನ ಇರುವ ಜಾಗಕ್ಕೆ ತಕ್ಕಂತೆ ಬದಲಾಗುತ್ತದೆ. ಪೂರ್ವ, ಪಶ್ಚಿಮಕ್ಕೆ ಹಾರುವಾಗ ವೇಗ ಹೆಚ್ಚಿಸಿದರೆ ಉತ್ತರಕ್ಕೆ ವಾಲುವ ತಪ್ಪೂ ಅದೇ ನತಿಯಿಂದ ಹುಟ್ಟುವುದರಿಂದ ಅದೂ ತಾನಾಗಿ ಕುಗ್ಗಿತು. ಅಭ್ಯಾಸದ ಕ್ರಮ ಹೀಗಿದೆ: ಗಡಿಯಾರ ನೋಡಿ 30 ಸೆಕೆಂಡಿಗೆ 90 ಡಿಗ್ರಿ ತಿರುಗಿ, ರೆಕ್ಕೆ ಸಮ ಮಾಡಿ, ಬಿಲ್ಲೆ ನೆಲೆ ನಿಂತ ಮೇಲೆ ಓದಿ, ಉಳಿದದ್ದನ್ನು ಸಣ್ಣ ತಿರುವಿನಲ್ಲಿ ತಿದ್ದುವುದು. ಲಂಡನ್ನಿನ ನತಿ ಹಾಕಿಕೊಂಡೂ ಅವಳು ಹಾರುತ್ತಾಳೆ, ಏಕೆಂದರೆ ಪರೀಕ್ಷೆಯಲ್ಲಿ ಕೇಳುವುದು ಪುಸ್ತಕದ 30 ಡಿಗ್ರಿಯನ್ನು. ಮಾಲೆಗೆ ಹೋಗುವ ಹಾರಾಟ ಬರುವ ಭಾನುವಾರ. ಅಷ್ಟರೊಳಗೆ 33 ಬಲಕ್ಕಿರುವ ಪಟ್ಟಿ ಹಾಸನದ ಬೇರೊಂದು ಅಂಗಡಿಯಿಂದ ಬರಬೇಕು.