ಮೊಡ್ರಿಚ್ ನೋಟ್‌ಬುಕ್: ಏಳು ಪಂದ್ಯ, ಎರಡು ಜಾಗ

2018ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಕ್ರೊಯೇಷಿಯಾದ ಮಿಡ್‌ಫೀಲ್ಡರ್ ಲೂಕಾ ಮೊಡ್ರಿಚ್ ಆಡಿದ ಏಳೂ ಪಂದ್ಯಗಳನ್ನು ನೋಡಿ ಮುಗಿಸಿದ್ದೇನೆ. ಹೋದ ಸಲ ಬರೆದಾಗ ಗುಂಪು ಹಂತ ಮಾತ್ರ ಆಗಿತ್ತು. ಈಗ ನೋಟ್‌ಬುಕ್ ಹೆಚ್ಚುಕಡಿಮೆ ತುಂಬಿದೆ. ಆದರೆ ಕೊನೆ ಪುಟದಲ್ಲಿ ಹತ್ತಕ್ಕೆ ಎಷ್ಟು ಅಂತ ಬರೆಯೋಕೆ ಬಿಟ್ಟಿದ್ದ ಜಾಗ ಮಾತ್ರ ಖಾಲಿಯೇ ಇದೆ. ಅದು ಹಾಗೇ ಖಾಲಿ ಇರಲಿ ಅಂತ ತೀರ್ಮಾನ ಮಾಡಿದ್ದೇನೆ.

ಹೊಸದಾಗಿ ಓದುವವರಿಗೆ ಒಂದು ಮಾತು. ತುಮಕೂರಿನಿಂದ ಯಶವಂತಪುರಕ್ಕೆ ದಿನಾ ರೈಲಿನಲ್ಲಿ ಹೋಗಿ ಬರುತ್ತೇನೆ. ಪಂದ್ಯಗಳನ್ನು ಮೊಬೈಲ್‌ಗೆ ಇಳಿಸಿಕೊಂಡಿರುತ್ತೇನೆ. ಸೀಟು ಸಿಕ್ಕರೆ ತೊಡೆ ಮೇಲೆ ನೋಟ್‌ಬುಕ್, ಕೈಯಲ್ಲಿ ಪೆನ್ನು. ನಿಂತುಕೊಂಡು ಹೋಗೋ ದಿನ ಸುಮ್ನೆ ನೋಡುತ್ತೇನೆ, ಬರೆಯೋದು ರಾತ್ರಿ. ಪಕ್ಕದವರು ಬಗ್ಗಿ ನೋಡಿ "ಸ್ಕೋರ್ ಎಷ್ಟು ಸಾರ್?" ಅನ್ನುತ್ತಾರೆ. ಇದು 2018ರ ಮ್ಯಾಚ್ ಅಂದರೆ ಮುಂದಿನ ಪ್ರಶ್ನೆಯೇ ಬರೋದಿಲ್ಲ.

ಬರೆದುಕೊಳ್ಳೋದು ಇಷ್ಟೇ. ಚೆಂಡು ಬರೋಕೆ ಮುಂಚೆ ತಿರುಗಿ ಹಿಂದೆ ನೋಡಿದನಾ? ಯಾವ ಕಾಲಲ್ಲಿ ಹಿಡಿದ? ಮುಂದಕ್ಕೆ ಕೊಟ್ಟನಾ, ಪಕ್ಕಕ್ಕಾ, ಹಿಂದಕ್ಕಾ? ಚೆಂಡು ಕಳೆದುಕೊಂಡ ಮೇಲೆ ಓಡಿದನಾ, ನಿಂತನಾ? ಟಿವಿ ಕ್ಯಾಮೆರಾ ಚೆಂಡಿನ ಹಿಂದೆಯೇ ಓಡುವುದರಿಂದ ಮೊಡ್ರಿಚ್ ಎಷ್ಟೋ ಸಲ ಚಿತ್ರದಲ್ಲೇ ಇರೋದಿಲ್ಲ. ಚೆನ್ನಾಗಿ ನಡೀತಿರೋ ಆಟದ ಮಧ್ಯೆ ಕೋಚ್ ಮುಖ ತೋರಿಸುತ್ತಾರೆ. ಅಂಥ ಕಡೆ ಅಡ್ಡಗೆರೆ ಹಾಕಿ ಮುಂದೆ ಹೋಗುತ್ತೇನೆ. ಕಾಣದ್ದನ್ನು ಊಹೆ ಮಾಡಿ ಬರೆಯೋಕೆ ಆಗಲ್ಲ ಅಲ್ವಾ.

ನೈಜೀರಿಯಾ ಪಂದ್ಯದಿಂದಲೇ ಒಂದು ತೊಡಕು ಶುರುವಾಯಿತು. ಕ್ರೊಯೇಷಿಯಾ 2-0 ಗೆದ್ದಿತು, ಎರಡನೇ ಗೋಲು ಮೊಡ್ರಿಚ್‌ನ ಪೆನಾಲ್ಟಿ. ಆದರೆ ಅವತ್ತು ಅವನು ಮತ್ತು ರಾಕಿಟಿಚ್ ಇಬ್ಬರೂ ಹಿಂದೆ, ಡಿಫೆನ್ಸ್ ಮುಂದೆಯೇ ನಿಂತಿದ್ದರು. ಮುಂದಿನ ಜಾಗ ಕ್ರಾಮರಿಚ್‌ದು. ಮೊಡ್ರಿಚ್ ಚೆಂಡು ಹಂಚುತ್ತಿದ್ದ, ನೀಟಾಗಿಯೇ ಹಂಚುತ್ತಿದ್ದ. ಆದರೆ ಆ ಪಾಸ್‌ಗಳಿಂದ ಎದುರಾಳಿಗೆ ನೋವಾಗುತ್ತಿರಲಿಲ್ಲ. ನೋಟ್‌ಬುಕ್‌ನಲ್ಲಿ "ಪಕ್ಕಕ್ಕೆ" ಕಾಲಮ್ ತುಂಬಿಹೋಯಿತು.

ಮುಂದಿನ ಪಂದ್ಯ ಅರ್ಜೆಂಟೀನಾ ಮೇಲೆ, ಜೂನ್ 21. ನಮ್ಮಲ್ಲಿ ರಾತ್ರಿ ಹನ್ನೊಂದೂವರೆಗೆ ಶುರುವಾಗಿದ್ದು ಅದು. ಕೋಚ್ ದಾಲಿಚ್ ಕ್ರಾಮರಿಚ್‌ನನ್ನು ಕೂರಿಸಿ ಮಾರ್ಸೆಲೊ ಬ್ರೊಜೊವಿಚ್‌ನನ್ನು ಇಳಿಸಿದ. ಬ್ರೊಜೊವಿಚ್ ಹಿಂದೆ ಕಾವಲಿಗೆ ನಿಂತ, ಮೊಡ್ರಿಚ್ ಮುಂದೆ ಸರಿದ. ಆಟಗಾರ ಅವನೇ, ಆದರೆ ಬೇರೆ ಯಾರನ್ನೋ ನೋಡಿದ ಹಾಗಾಯಿತು.

80ನೇ ನಿಮಿಷದ ಗೋಲು ಎಲ್ಲರೂ ನೋಡಿರುತ್ತಾರೆ. ಬ್ರೊಜೊವಿಚ್‌ನಿಂದ ಚೆಂಡು ಬಂತು, ಎದುರಿಗೆ ಒಟಮೆಂಡಿ. ಮೊಡ್ರಿಚ್ ಆ ಕಡೆ ಈ ಕಡೆ ಆಡಿಸಿ ಬಲಕ್ಕೆ ಜಾಗ ಮಾಡಿಕೊಂಡು, ಬಾಕ್ಸ್ ಹೊರಗಿನಿಂದಲೇ ತಿರುವು ಕೊಟ್ಟು ಹೊಡೆದ. ಗೋಲಿ (ಗೋಲ್‌ಕೀಪರ್) ಕಬಾಯೆರೊ ಹಾರಿದರೂ ಸಿಗಲಿಲ್ಲ. ನನಗೆ ಆ ಹೊಡೆತಕ್ಕಿಂತ ಅದಕ್ಕೆ ಮುಂಚಿನ ಒಂದು ಗಂಟೆ ಜಾಸ್ತಿ ಹಿಡಿಸಿತು. ಚೆಂಡು ಬರುವಷ್ಟರಲ್ಲೇ ಅವನ ಮೈ ಓರೆಯಾಗಿರುತ್ತದೆ. ಹಿಂದೆ ಯಾರಿದ್ದಾರೆ ಅಂತ ಮೊದಲೇ ನೋಡಿಕೊಂಡಿರುವುದರಿಂದ ಮೊದಲ ಮುಟ್ಟಿನಲ್ಲೇ ಒಬ್ಬನನ್ನು ದಾಟಿಬಿಡುತ್ತಾನೆ. ಎಡಗಾಲು ಬಳಸಬೇಕಾದ ಕಡೆ ಬಲಪಾದದ ಹೊರ ಅಂಚಿನಿಂದ ಪಾಸ್ ಕೊಡುತ್ತಾನೆ. ಇದನ್ನು ಎಲ್ಲರೂ ಸೊಗಸು ಅನ್ನುತ್ತಾರೆ, ಸೊಗಸೇ. ಆದರೆ ನನ್ನ ಪಟ್ಟಿಯಲ್ಲಿ ಎಡಗಾಲಿನ ಕಾಲಮ್ ಬಡವಾಗಿರುವುದಕ್ಕೂ ಅದೇ ಕಾರಣ.

ಐಸ್‌ಲ್ಯಾಂಡ್ ಪಂದ್ಯಕ್ಕೆ ತಂಡದ ಬಹುತೇಕ ಮಂದಿಯನ್ನು ಬದಲಿಸಿದ್ದರು. ಅದರಿಂದ ಬರೆದುಕೊಳ್ಳೋಕೆ ಹೆಚ್ಚೇನೂ ಸಿಗಲಿಲ್ಲ.

ಡೆನ್ಮಾರ್ಕ್ ಪಂದ್ಯಕ್ಕೆ ಮಾತ್ರ ಪುಟಗಟ್ಟಲೆ ಬರೆದಿದ್ದೇನೆ. ಮೊದಲ ನಾಲ್ಕು ನಿಮಿಷದಲ್ಲಿ 1-1, ಆಮೇಲೆ ಗೋಲೇ ಇಲ್ಲ. ಎಕ್ಸ್‌ಟ್ರಾ ಟೈಮ್‌ನಲ್ಲಿ ಎಲ್ಲರ ಕಾಲು ಸೋತಿದ್ದಾಗ ಮೊಡ್ರಿಚ್ ಡಿಫೆಂಡರ್‌ಗಳ ಮಧ್ಯೆ ಒಂದು ಪಾಸ್ ತೂರಿಸಿದ. ರೆಬಿಚ್ ಗೋಲಿಯನ್ನೂ ದಾಟಿದ, ಹಿಂದಿನಿಂದ ಬೀಳಿಸಿದರು, ಪೆನಾಲ್ಟಿ. 116ನೇ ನಿಮಿಷ. ಹೊಡೆಯೋಕೆ ಬಂದವನೂ ಮೊಡ್ರಿಚ್. ಕ್ಯಾಸ್ಪರ್ ಶ್ಮೈಕಲ್ ಹಿಡಿದುಬಿಟ್ಟ. ಸ್ವಲ್ಪ ಹೊತ್ತಿನಲ್ಲೇ ಪೆನಾಲ್ಟಿಗಳಿಂದಲೇ ಗೆಲುವು ತೀರ್ಮಾನಿಸುವ ಶೂಟೌಟ್, ಮತ್ತೆ ಅದೇ ಗೋಲಿ ಎದುರು ಮೂರನೆಯವನಾಗಿ ಬಂದು ಗೋಲು ಹೊಡೆದ. ಕ್ರೊಯೇಷಿಯಾ 3-2 ಗೆದ್ದಿತು.

ಇದನ್ನು ಶಕ್ತಿ ಅಂತ ಬರೆಯೋದಾ, ದೌರ್ಬಲ್ಯ ಅಂತ ಬರೆಯೋದಾ? ನಾನು ಎರಡೂ ಕಡೆ ಬರೆದಿದ್ದೇನೆ. ಆ ಪಾಸ್ ಒಂದು ಕಡೆ, ತಪ್ಪಿದ ಪೆನಾಲ್ಟಿ ಇನ್ನೊಂದು ಕಡೆ. ತಪ್ಪಿದ ಮೇಲೂ ಮತ್ತೆ ಚೆಂಡು ಕೈಗೆತ್ತಿಕೊಂಡ ಧೈರ್ಯಕ್ಕೆ ಕಾಲಮ್ ಇರಲಿಲ್ಲ, ಅಂಚಿನಲ್ಲಿ ಗೀಚಿದ್ದೇನೆ.

ರಷ್ಯಾ ಪಂದ್ಯ ಇಡೀ ಲೆಕ್ಕವನ್ನೇ ತಿರುಗಿಸಿತು. ದಾಲಿಚ್ ಮತ್ತೆ ಕ್ರಾಮರಿಚ್‌ನನ್ನು ಆಡಿಸಿ ಬ್ರೊಜೊವಿಚ್‌ನನ್ನು ಕೂರಿಸಿದ. ಮೊಡ್ರಿಚ್ ಮತ್ತೆ ಹಿಂದೆ. ಡಿಫೆನ್ಸ್ ಮುಂದಿನ ಜಾಗ ಕಾಯೋದು ಅವನ ಕೆಲಸ ಅಲ್ಲ ಅನ್ನೋದು ಅವತ್ತು ಚೆನ್ನಾಗಿ ಕಾಣುತ್ತದೆ. ರಷ್ಯಾದ ಚೆರಿಶೆವ್ ಝ್ಯೂಬಾ ಜೊತೆ ಪಾಸ್ ಕೊಟ್ಟು ತೆಗೆದುಕೊಂಡು, ಅದೇ ಜಾಗದಿಂದ ಎಡಗಾಲಲ್ಲಿ ಹೊಡೆದ ಗೋಲು ನೋಡಿ. 63ನೇ ನಿಮಿಷಕ್ಕೆ ಪೆರಿಸಿಚ್ ಹೊರಗೆ, ಬ್ರೊಜೊವಿಚ್ ಒಳಗೆ. ಮೊಡ್ರಿಚ್ ಮುಂದೆ ಬಂದ, ಆಟ ಕ್ರೊಯೇಷಿಯಾ ಕಡೆ ವಾಲಿತು. 101ನೇ ನಿಮಿಷಕ್ಕೆ ಅವನ ಕಾರ್ನರ್‌ಗೆ ವಿಡಾ ತಲೆ ಕೊಟ್ಟು ಗೋಲು. ಒಂದೇ ಪಂದ್ಯದಲ್ಲಿ ಎರಡೂ ಜಾಗ ಸಿಕ್ಕಿದ್ದು ನನ್ನ ಅದೃಷ್ಟ. ಶೂಟೌಟ್‌ನಲ್ಲಿ ಅವನು ಹೊಡೆದ ಚೆಂಡು ಅಕಿನ್ಫೇವ್ ಕೈಗೆ ತಾಗಿ, ಕಂಬಕ್ಕೆ ಬಡಿದು ಒಳಗೆ ಹೋಯಿತು. ಅದಕ್ಕೆ ಯಾವ ಅಂಕವೂ ಕೊಟ್ಟಿಲ್ಲ.

ಕ್ಯಾತ್ಸಂದ್ರದ ಗೆಳೆಯನೊಬ್ಬ ಕ್ರಿಕೆಟ್‌ಗೆ ಸ್ಕೋರ್ ಬರೆಯುತ್ತಾನೆ. ನೋಟ್‌ಬುಕ್ ತೋರಿಸಿದೆ. ಪುಟ ತಿರುಗಿಸಿ, "ಗುರು, ರಾಹುಲ್ ಟೆಸ್ಟ್‌ನಲ್ಲಿ ಓಪನಿಂಗ್ ಮಾಡಿದ್ದು, ಒನ್‌ಡೇಲಿ ಐದನೇ ನಂಬರಿಗೆ ಬಂದಿದ್ದು ಒಂದೇ ಖಾತೆಗೆ ಹಾಕ್ತೀಯಾ? ಇದನ್ನೂ ಎರಡು ಮಾಡು" ಅಂದ. ಆ ರಾತ್ರಿಯೇ ಎಲ್ಲ ಪುಟಗಳನ್ನೂ ಎರಡು ಭಾಗ ಮಾಡಿ ಮತ್ತೆ ಬರೆದೆ. "ಬ್ರೊಜೊವಿಚ್ ಇದ್ದಾಗ", "ಬ್ರೊಜೊವಿಚ್ ಇಲ್ಲದಾಗ". ಮೊಡ್ರಿಚ್ ಆಗ ಆಡುತ್ತಿದ್ದ ಕ್ಲಬ್ ರಿಯಲ್ ಮ್ಯಾಡ್ರಿಡ್‌ನಲ್ಲಿ ಈ ಕಾವಲು ಕೆಲಸ ಕಸೆಮಿರೊ ಮಾಡುತ್ತಿದ್ದ. ದೇಶದ ತಂಡದಲ್ಲಿ ಅಂಥವನೊಬ್ಬ ಸಿಕ್ಕ ಮೇಲೆಯೇ ಮೊಡ್ರಿಚ್ ಪೂರ್ತಿ ಅರಳಿದ್ದು. ಇದು ನನ್ನ ಅಭಿಪ್ರಾಯ. ಒಪ್ಪದವರು ರಷ್ಯಾ ಪಂದ್ಯದ ಮೊದಲ ಒಂದು ಗಂಟೆ ನೋಡಿ, ಆಮೇಲೆ ಜಗಳಕ್ಕೆ ಬನ್ನಿ.

ಸೆಮಿಫೈನಲ್‌ನಲ್ಲಿ ಇಂಗ್ಲೆಂಡ್‌ಗೆ ಟ್ರಿಪ್ಪಿಯರ್ ಹೊಡೆದ ಫ್ರೀಕಿಕ್ ಗೋಲು ಐದನೇ ನಿಮಿಷಕ್ಕೇ ಬಂತು. ಆ ಫ್ರೀಕಿಕ್ ಸಿಕ್ಕಿದ್ದು ಮೊಡ್ರಿಚ್ ಡೆಲಿ ಅಲಿಯನ್ನು ಬೀಳಿಸಿದ್ದಕ್ಕೆ. ಎದುರಾಳಿ ನೇರವಾಗಿ ಮೈಮೇಲೆ ಓಡಿಬಂದರೆ ಅವನು ಕಷ್ಟಪಡುತ್ತಾನೆ. ಎತ್ತರ 172 ಸೆಂಟಿಮೀಟರ್, ವಯಸ್ಸು ಆಗ 32. ಗಾಳಿಯಲ್ಲಿ ಬರುವ ಚೆಂಡಿಗೆ ಅವನನ್ನು ನಂಬುವ ಹಾಗಿಲ್ಲ. ಉಳಿದ ಹೊತ್ತು ಅವನಿಗೆ ಆ ಕಷ್ಟ ಬರದ ಹಾಗೆ ನೋಡಿಕೊಂಡವನು ಬ್ರೊಜೊವಿಚ್. ಅವತ್ತು ಅವನು ಓಡಿದ್ದು 16 ಕಿಲೋಮೀಟರ್‌ಗಿಂತ ಜಾಸ್ತಿ. ನಮ್ಮ ಕಡೆ ಲೆಕ್ಕ ಹಾಕಿದರೆ ತುಮಕೂರಿನಿಂದ ಹಿರೇಹಳ್ಳಿ ದಾಟಿರುತ್ತಿದ್ದ. ಎರಡನೇ ಅರ್ಧದಲ್ಲಿ ಪೆರಿಸಿಚ್, 109ನೇ ನಿಮಿಷಕ್ಕೆ ಮಾಂಜುಕಿಚ್, 2-1.

ಫೈನಲ್ ಜುಲೈ 15, ಮಾಸ್ಕೋದಲ್ಲಿ. ಫ್ರಾನ್ಸ್ 4-2. ಚೆಂಡು ಹೆಚ್ಚು ಹೊತ್ತು ಕ್ರೊಯೇಷಿಯಾ ಕಾಲಲ್ಲೇ ಇತ್ತು. ಪೆರಿಸಿಚ್ ಹೊಡೆದ ಗೋಲು ಶುರುವಾಗಿದ್ದು ಮೊಡ್ರಿಚ್‌ನ ಫ್ರೀಕಿಕ್‌ನಿಂದಲೇ. ಆದರೆ ಮೂರು ನಾಕೌಟ್ ಪಂದ್ಯದಲ್ಲೂ ಎಕ್ಸ್‌ಟ್ರಾ ಟೈಮ್ ಆಡಿ ಬಂದ ತಂಡ ಅದು, ಅಂದರೆ ಒಂದು ಇಡೀ ಪಂದ್ಯದಷ್ಟು ಹೆಚ್ಚಿನ ಓಟ. 59ನೇ ನಿಮಿಷಕ್ಕೆ ಫ್ರಾನ್ಸ್‌ನ ಪೋಗ್ಬಾ ತಾನೇ ದೂರದ ಪಾಸ್ ಕೊಟ್ಟು, ತಾನೇ ಓಡಿಬಂದು, ಮೊದಲ ಹೊಡೆತ ತಡೆದರೂ ಎರಡನೆಯದರಲ್ಲಿ ಗೋಲು ಮಾಡಿದ. ಅವನ ಜೊತೆ ಓಡಬೇಕಾದವರು ಓಡಲಿಲ್ಲ. ಇದನ್ನು ಮೊಡ್ರಿಚ್ ಒಬ್ಬನ ತಲೆಗೆ ಕಟ್ಟೋದು ಸರಿಯಲ್ಲ. ಆದರೆ ಅವನ ಪುಟದಲ್ಲಿ ಒಂದು ಗುರುತು ಬಿದ್ದಿದೆ.

ಟೂರ್ನಿಯ ಅತ್ಯುತ್ತಮ ಆಟಗಾರನಿಗೆ ಕೊಡುವ ಗೋಲ್ಡನ್ ಬಾಲ್ ಮೊಡ್ರಿಚ್‌ಗೇ ಸಿಕ್ಕಿತು. ಫ್ರಾನ್ಸ್‌ನ ಗ್ರೀಜ್‌ಮನ್‌ಗೆ ಕೊಡಬೇಕಿತ್ತು, ಎಂಬಾಪೆಗೆ ಕೊಡಬೇಕಿತ್ತು ಅಂತ ಅವತ್ತೇ ವಾದ ಇತ್ತು. ಒಟ್ಟು ಎರಡು ಗೋಲು, ಅದರಲ್ಲಿ ಒಂದು ಪೆನಾಲ್ಟಿ. ಗೋಲಿನ ಲೆಕ್ಕದಲ್ಲಿ ನೋಡಿದರೆ ಕಡಿಮೆಯೇ. ಫೈನಲ್ ಅವನ ಒಳ್ಳೆ ಪಂದ್ಯವೂ ಅಲ್ಲ. ಆದರೂ ನನ್ನ ಓಟು ಅವನಿಗೇ. ಅಷ್ಟು ದಣಿದ ತಂಡಕ್ಕೆ ಚೆಂಡು ಕೊಡೋಕೆ ನಂಬಿಕೆಯ ಒಬ್ಬ ಮನುಷ್ಯ ಬೇಕಿತ್ತು, ಪ್ರತಿ ಸಲವೂ ಅವನು ಬಂದು ಚೆಂಡು ಕೇಳಿದ.

ಮುಂದಿನ ಕೆಲಸ 2022ರ ವಿಶ್ವಕಪ್. ಆಗ ಅವನಿಗೆ 37, ಪಕ್ಕದಲ್ಲಿ ಕೊವಾಚಿಚ್, ಹಿಂದೆ ಮತ್ತೆ ಅದೇ ಬ್ರೊಜೊವಿಚ್. ಕ್ವಾರ್ಟರ್‌ಫೈನಲ್‌ನಿಂದ ಶುರು ಮಾಡುತ್ತೇನೆ, ಯಾಕೆಂದರೆ ಅಲ್ಲಿ ಎದುರಾಳಿ ಬ್ರೆಜಿಲ್, ಕಾವಲಿಗೆ ನಿಂತವನು ಕಸೆಮಿರೊ. ಪಟ್ಟಿಗೆ ಒಂದು ಕಾಲಮ್ ಸೇರಿಸಿದ್ದೇನೆ: 90 ನಿಮಿಷ ಆದ ಮೇಲೆ. ಪಂದ್ಯ ಮೊಬೈಲ್‌ಗೆ ಇಳಿದಿದೆ, ಸೋಮವಾರದ ರೈಲಿನಲ್ಲಿ ಸೀಟು ಸಿಗಬೇಕು ಅಷ್ಟೇ.