ಇಲಿಗೆ ವಾಸಿಯಾಯಿತಂತೆ, ನಮಗೆ ಯಾವಾಗ?

‘ಇಲಿಯ ಕಿಡ್ನಿಯಲ್ಲಿ ಕಲೆ ಮಾಯವಾಯಿತಂತಲ್ಲ, ನಮಗೆ ಔಷಧಿ ಯಾವಾಗ?’ ನನ್ನ ಸಂಶೋಧನೆ ಮೂತ್ರಪಿಂಡದ ಫೈಬ್ರೋಸಿಸ್, ಅಂದರೆ ಅದು ನಾರುಗಟ್ಟಿ ಕಲೆಯಾಗುವುದರ ಕುರಿತದ್ದು ಎಂದು ತಿಳಿದವರೆಲ್ಲ ಕೇಳುವುದು ಇದನ್ನೇ. ಹೇಳಿ ಹೇಳಿ ಬಾಯಿ ನೋಯುತ್ತಿದೆ. ಬರೆದು ಮುಗಿಸುತ್ತೇನೆ.

ಆ ಇಲಿಗೆ ಕಾಯಿಲೆಯೇ ಇರಲಿಲ್ಲ. ಎಳೆಯ, ಗಟ್ಟಿಮುಟ್ಟಾದ ಇಲಿಯ ಒಂದು ಮೂತ್ರನಾಳಕ್ಕೆ ನಾವೇ ದಾರ ಬಿಗಿಯುತ್ತೇವೆ. ಒಂದೆರಡು ವಾರದಲ್ಲಿ ಆ ಕಡೆಯ ಮೂತ್ರಪಿಂಡ ನಾರುಗಟ್ಟುತ್ತದೆ. ಎಷ್ಟೋ ಪ್ರಯೋಗಗಳಲ್ಲಿ ದಾರ ಬಿಗಿದ ದಿನವೇ ಔಷಧಿಯೂ ಶುರು. ಅದು ಕಲೆ ಅಳಿಸಿದ್ದಲ್ಲ, ಬೀಳದಂತೆ ತಡೆದದ್ದು. ನಿಮ್ಮ ಮೂತ್ರಪಿಂಡವನ್ನಾದರೋ ಸಕ್ಕರೆ, ರಕ್ತದೊತ್ತಡ ಸೇರಿ ಇಪ್ಪತ್ತು ವರ್ಷ ಹಾಳುಗೆಡವಿರುತ್ತವೆ.

ಒಮ್ಮೆ ಉಪನ್ಯಾಸದ ಕೊನೆಗೆ ಹಿರಿಯರೊಬ್ಬರು ಎದ್ದರು. ‘ಎಲ್ಲಕ್ಕೂ ಟಿಜಿಎಫ್-ಬೀಟಾ ಎಂಬ ಪ್ರೋಟೀನೇ ಮೂಲ ಎಂದಿರಿ. ಅದನ್ನು ಬಂದ್ ಮಾಡಲು ನಿಮಗೇನು ಧಾಡಿ?’ ಸಭೆ ನಕ್ಕಿತು. ನನಗೆ ಉರಿಯಿತು, ಆದರೆ ನಮ್ಮ ಸಂಶೋಧಕರೂ ಒಂದು ಕಾಲಕ್ಕೆ ಅದನ್ನು ತಿರುಗಿಸಿದರೆ ನಿಲ್ಲುವ ನಲ್ಲಿ ಎಂದೇ ತಿಳಿದಿದ್ದರು. ಪೆಟ್ಟು ತಿಂದ ಕೋಶಗಳು ಸೂಸುವ ಈ ಪ್ರೋಟೀನು ಅಕ್ಕಪಕ್ಕದ ಕೋಶಗಳನ್ನು ಮಯೋಫೈಬ್ರೊಬ್ಲಾಸ್ಟ್ ಎಂಬ ರಿಪೇರಿ ಕೋಶಗಳಾಗಿಸಿ ಕೊಲಾಜನ್ ನಾರು ಹೆಣೆಸುತ್ತದೆ, ನಿಜ. ಆದರೆ ರೋಗನಿರೋಧಕ ಕೋಶಗಳನ್ನು ಹದ್ದುಬಸ್ತಿನಲ್ಲಿಡುವುದೂ ಅದೇ. ಅದರ ಜೀನ್ ಕಿತ್ತ ಇಲಿಗಳು ಕೆಲವೇ ವಾರಗಳಲ್ಲಿ ಒಳಗೆಲ್ಲ ಉರಿಯೂತವಾಗಿ ಸತ್ತದ್ದು 1992ರಷ್ಟು ಹಳೆಯ ಸುದ್ದಿ. ಮಧುಮೇಹಿಗಳಲ್ಲಿ ಅದನ್ನು ಪ್ರತಿಕಾಯದಿಂದ ಕಟ್ಟಿಹಾಕುವ ಪ್ರಯತ್ನವೂ ಗುಣ ಕಾಣದೆ ನಿಂತಿತು.

ಅವರು ಬೇರೆಯದನ್ನು ಕೇಳಬಹುದಿತ್ತು: ರಿಪೇರಿಗೆ ಬಂದ ಕೋಶ ಕೆಲಸ ಮುಗಿದ ಮೇಲೂ ಏಕೆ ಎದ್ದು ಹೋಗುವುದಿಲ್ಲ? ಮೂತ್ರಪಿಂಡದ ತೆಳು ಚೂರಿಗೆ ಮ್ಯಾಸನ್ ಎಂಬ ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ಇಟ್ಟರೆ ಕೊಲಾಜನ್ ನೀಲಿ. ಆರೋಗ್ಯವಿದ್ದಲ್ಲಿ ನಳಿಕೆಗಳು ಒತ್ತೊತ್ತಾಗಿ ಕುಳಿತು ನಡುವೆ ಕೂದಲೆಳೆಯಷ್ಟು ನೀಲಿ. ಕೆಟ್ಟಲ್ಲಿ ನೀಲಿಯ ನಡುವೆ ಅಲ್ಲೊಂದು ಇಲ್ಲೊಂದು ಸುರುಟಿದ ನಳಿಕೆ. ಆ ನೀಲಿ ಗಟ್ಟಿ. ಗಟ್ಟಿ ನೆಲ ಸಿಕ್ಕಿದ ಕೋಶದೊಳಗೆ ಯಾಪ್, ಟಾಜ್ ಎಂಬ ಪ್ರೋಟೀನುಗಳು ಕೋಶಕೇಂದ್ರಕ್ಕೆ ನುಗ್ಗಿ ಇನ್ನಷ್ಟು ಹೆಣೆಯಲು ಹೇಳುತ್ತವೆ. ಮಲಗಿರುವ ಟಿಜಿಎಫ್-ಬೀಟಾವನ್ನು ಜಗ್ಗಿ ಎಬ್ಬಿಸುವ, ಕೋಶದ ಮೇಲ್ಮೈಯ ಇಂಟೆಗ್ರಿನ್ ಪ್ರೋಟೀನುಗಳ ಮೇಲೆ ಈಗ ಕಣ್ಣಿಟ್ಟಿರುವುದು ಇದಕ್ಕೇ: ಎಬ್ಬಿಸುವವರನ್ನು ಅಲ್ಲಲ್ಲೇ ತಡೆದರೆ ಇಡೀ ಮೈಯಲ್ಲಿ ಬಂದ್ ಮಾಡಬೇಕಿಲ್ಲ.

ಅಲ್ಲಿಯವರೆಗೆ? 2001ರಲ್ಲಿ ಲೊಸಾರ್ಟಾನ್, 2020ರಲ್ಲಿ ಡಾಪಾಗ್ಲಿಫ್ಲೋಜಿನ್ ಮೂತ್ರಪಿಂಡ ಸೋಲುವುದನ್ನು ನಿಧಾನಿಸುತ್ತವೆಂದು ರೋಗಿಗಳ ಮೇಲಿನ ಪರೀಕ್ಷೆಗಳು ತೋರಿಸಿದವು. ಒಂದು ರಕ್ತದೊತ್ತಡದ ಮಾತ್ರೆ, ಇನ್ನೊಂದು ಸಕ್ಕರೆಯದು. ನಮ್ಮಂಥವರ ಪ್ರಯೋಗಶಾಲೆಯಿಂದ ಬಂದವಲ್ಲ, ಹೊಟ್ಟೆಕಿಚ್ಚಿದೆ, ಒಪ್ಪುತ್ತೇನೆ.

ಅದೇ ಹಿರಿಯರು ಆಮೇಲೆ ಬಾಗಿಲ ಬಳಿ ಹಿಡಿದು ನಿಲ್ಲಿಸಿ ತಮ್ಮ ರಿಪೋರ್ಟ್ ತೋರಿಸಿದರು. ಹತ್ತು ವರ್ಷದ ಮಧುಮೇಹ, ಮೂತ್ರಪಿಂಡ ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ಕಸ ರಕ್ತದಲ್ಲಿ ಸರಿಯಿತ್ತು. ಅದು ಏರುವುದು ತಡವಾಗಿ; ಮೂತ್ರಕ್ಕೆ ಆಲ್ಬುಮಿನ್ ಎಂಬ ಪ್ರೋಟೀನು ಸೋರುವುದು ಸಾಮಾನ್ಯವಾಗಿ ಅದಕ್ಕೂ ಮೊದಲು.

‘ಮೂತ್ರದಲ್ಲಿ ಆಲ್ಬುಮಿನ್ ಎಷ್ಟಿದೆ?’ ಎಂದೆ.

‘ಅದನ್ನು ಯಾರೂ ಕೇಳಿಯೇ ಇಲ್ಲ’ ಎಂದರು.