ಫ್ರೆಟ್ ಆಯಿತಾ? ಡೋನರ್‌ನ ಕೇಳಿ

ನಮ್ಮ ಲ್ಯಾಬಿನಲ್ಲಿ ಫ್ಲೋರೆಸೆನ್ಸ್ (ಬೆಳಕು ಹೀರಿದ ಅಣು ತಾನೂ ಹೊಳೆಯುವುದು) ಅಳೆಯುವ ಉಪಕರಣಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ತೆಳು ಪಾಲಿಮರ್ ಫಿಲ್ಮ್ ಹಿಡಿದು ಬರುವ ಸಂಶೋಧನಾ ವಿದ್ಯಾರ್ಥಿಗಳ ಮೊದಲ ಮಾತು ಹೆಚ್ಚುಕಡಿಮೆ ಒಂದೇ: "ಮೇಡಂ, ಫ್ರೆಟ್ ಬಂದಿದೆ, ಕೆಂಪು ಪೀಕ್ ನೋಡಿ." ನಾನು ಕೇಳುವುದೂ ಒಂದೇ: "ಹಸಿರಿನ ಲೈಫ್‌ಟೈಮ್ ತೆಗೆದಿರಾ?" ಫ್ರೆಟ್ ಎಂದರೆ ಕೆರಳಿದ ಒಂದು ಬಣ್ಣದ ಅಣು (ಡೋನರ್, ಇಲ್ಲಿ ಹಸಿರು) ತನ್ನ ಶಕ್ತಿಯನ್ನು ಬೆಳಕಾಗಿ ಬಿಡದೆ ತೀರಾ ಹತ್ತಿರದ ಇನ್ನೊಂದು ಬಣ್ಣದ ಅಣುವಿಗೆ (ಇಲ್ಲಿ ಕೆಂಪು) ದಾಟಿಸುವುದು. ಲೈಫ್‌ಟೈಮ್ ಎಂದರೆ ಅಣು ಕೆರಳಿದ ಸ್ಥಿತಿಯಲ್ಲಿ ಇರುವ ಕಾಲ.

ಫಿಲ್ಮ್ ಕಟ್ಟುವುದು ಕಷ್ಟವೇನಲ್ಲ, ತಾಳ್ಮೆ ಬೇಕು ಅಷ್ಟೇ. ತೊಳೆದ ಗಾಜನ್ನು ಧನ ಆವೇಶದ ಪಿಎಎಚ್ ಎಂಬ ಪಾಲಿಮರ್ ದ್ರಾವಣದಲ್ಲಿ ಅದ್ದಿ, ನೀರಲ್ಲಿ ಜಾಲಿಸಿ, ಋಣ ಆವೇಶದ ಪಿಎಸ್‌ಎಸ್ ಎಂಬ ಇನ್ನೊಂದು ಪಾಲಿಮರ್ ದ್ರಾವಣದಲ್ಲಿ ಅದ್ದಬೇಕು. ಮತ್ತೆ ಜಾಲಿಸಿ, ಮತ್ತೆ ಮೊದಲಿನಿಂದ. 1990ರ ದಶಕದ ಆರಂಭದಲ್ಲಿ ರಸಾಯನ ವಿಜ್ಞಾನಿ ಗೆರೋ ಡೆಷರ್ ಬಳಕೆಗೆ ತಂದ ವಿಧಾನ ಇದು. ಒಂದು ಜೋಡಿ ಪದರದ ದಪ್ಪ ಕೆಲವೇ ನ್ಯಾನೊಮೀಟರ್. ದ್ರಾವಣಕ್ಕೆ ಉಪ್ಪು ಹೆಚ್ಚಿಸಿದರೆ ದಪ್ಪವೂ ಹೆಚ್ಚುತ್ತದೆ. ಹಸಿರಾಗಿ ಹೊಳೆಯುವ ಫ್ಲೋರೆಸೀನ್ ಅಂಟಿಸಿದ ಪಿಎಎಚ್ ಒಂದು ಕಡೆ, ಕೆಂಪಾಗಿ ಹೊಳೆಯುವ ರೋಡಮೀನ್ ಅಂಟಿಸಿದ ಪಿಎಎಚ್ ಇನ್ನೊಂದು ಕಡೆ, ನಡುವೆ ಬಣ್ಣವಿಲ್ಲದ ಪದರಗಳು. ಈ ಜೋಡಿಯ ಫಾರ್ಸ್ಟರ್ ದೂರ ಸುಮಾರು 5 ನ್ಯಾನೊಮೀಟರ್. ಅಣುಗಳು ಅಷ್ಟು ದೂರದಲ್ಲಿದ್ದರೆ ಶಕ್ತಿಯ ಅರ್ಧ ಪಾಲು ಹಸಿರಿನಿಂದ ಕೆಂಪಿಗೆ ದಾಟುತ್ತದೆ. ದೂರ ಇಮ್ಮಡಿಯಾದರೆ ದಾಟುವುದು ಶೇ. 1.5 ಮಾತ್ರ.

ಹಾಗಾದರೆ ಕೆಂಪು ಪೀಕ್ ಸಾಕ್ಷಿಯಲ್ಲವೇ? ಅಲ್ಲ. ಫ್ಲೋರೆಸೀನನ್ನು ಕೆರಳಿಸಲು ಹಾಯಿಸುವ 490 ನ್ಯಾನೊಮೀಟರ್ ಬೆಳಕು ರೋಡಮೀನನ್ನೂ ಸ್ವಲ್ಪ ನೇರವಾಗಿಯೇ ಕೆರಳಿಸುತ್ತದೆ. ಕೆಂಪು ಬಣ್ಣ ಮಾತ್ರ ಇರುವ ಇನ್ನೊಂದು ಫಿಲ್ಮ್ ಅಳೆದು ಆ ಪಾಲನ್ನು ಕಳೆಯಬಹುದು. ಅದು ಸುಲಭ.

ಸುಲಭಕ್ಕೆ ಬಗ್ಗದ್ದು ಮರುಹೀರಿಕೆ. ಹಸಿರು ಅಣು ತನ್ನ ಬೆಳಕನ್ನು ಹೊರಗೆ ಬಿಟ್ಟಾಗಿದೆ, ಆ ಬೆಳಕನ್ನು ದೂರದ ಕೆಂಪು ಅಣು ನುಂಗಿ ತಾನು ಹೊಳೆಯುತ್ತದೆ. ಫ್ರೆಟ್‌ನಲ್ಲಿ ಹಾಗಲ್ಲ, ಬೆಳಕು ಹೊರಡುವ ಮೊದಲೇ ಶಕ್ತಿ ಕೈಬದಲಾಗಿರುತ್ತದೆ. "ಇಷ್ಟು ತೆಳು ಫಿಲ್ಮು, ಅದೇನು ಹೀರುತ್ತೆ ಮೇಡಂ?" ಎಂದು ವಾದಿಸುವವರಿದ್ದಾರೆ. ಫಿಲ್ಮ್ ಮಾತ್ರ ಲೆಕ್ಕಕ್ಕೆ ಹಿಡಿದರೆ ವಾದ ಸರಿಯೇ. ಆದರೆ ಗಾಜನ್ನು ಅದ್ದಿದಾಗ ಎರಡೂ ಮುಖಕ್ಕೆ ಫಿಲ್ಮ್ ಕೂರುತ್ತದೆ. ಜೊತೆಗೆ, ಹೊಳೆದ ಬೆಳಕಿನ ಒಂದು ಭಾಗ ಸ್ಲೈಡಿನೊಳಗೇ ಸಿಕ್ಕಿಕೊಂಡು, ಪೂರ್ಣ ಆಂತರಿಕ ಪ್ರತಿಫಲನದಿಂದ ಅಂಚಿನವರೆಗೆ ಪುಟಿಯುತ್ತಾ ಹೋಗುತ್ತದೆ. ಪ್ರತಿ ಪುಟಿತಕ್ಕೂ ಫಿಲ್ಮನ್ನು ಹಾಯುತ್ತದೆ. ಕತ್ತಲೆ ಕೋಣೆಯಲ್ಲಿ ಸ್ಲೈಡಿನ ಅಂಚು ಮಿನುಗುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಹಿಂಬದಿಯ ಫಿಲ್ಮನ್ನು ಒರೆಸಿ ತೆಗೆದರೆ ಒಂದಿಷ್ಟು ಸಮಸ್ಯೆ ತಗ್ಗುತ್ತದೆ, ಪೂರ್ತಿ ಅಲ್ಲ.

ಅದಕ್ಕೇ ಲೈಫ್‌ಟೈಮ್. ಹೊರಬಿದ್ದ ಬೆಳಕನ್ನು ಯಾರು ನುಂಗಿದರೂ ಫ್ಲೋರೆಸೀನ್ ಕೆರಳಿದ ಸ್ಥಿತಿಯಲ್ಲಿ ಇರುವ ಕಾಲ ಅದರಿಂದ ಕಡಿಮೆಯಾಗುವುದಿಲ್ಲ. ನೀರಿನ ದ್ರಾವಣದಲ್ಲಿ ಅದು ಸುಮಾರು 4 ನ್ಯಾನೊಸೆಕೆಂಡ್. ಫ್ರೆಟ್ ಆದರೆ ಮಾತ್ರ ಮೊಟಕಾಗುತ್ತದೆ ಎಂದು ಬರೆಯುವ ಆಸೆ ನನಗೂ ಇದೆ, ಆದರೆ ಫ್ಲೋರೆಸೀನ್ ಅಷ್ಟು ಸಾಧು ಅಲ್ಲ. ಒಂದೇ ಸರಪಳಿಗೆ ಬಣ್ಣ ಜಾಸ್ತಿ ಅಂಟಿಸಿದರೆ ತನಗೆ ತಾನೇ ಕುಂದುತ್ತದೆ. ಜಾಲಿಸಿದ ನೀರು ಆಮ್ಲೀಯವಾದರೂ ಮಂಕಾಗುತ್ತದೆ. ಮಳೆಗಾಲದಲ್ಲಿ ಫಿಲ್ಮ್ ತೇವ ಹೀರಿ ಉಬ್ಬಿ, ಅಣುಗಳ ನಡುವಿನ ದೂರವೇ ಬದಲಾಗುತ್ತದೆ. ಅಳೆಯುವಾಗ ಒಣ ನೈಟ್ರೋಜನ್ ಹರಿಸುವುದು ಒಳ್ಳೆಯದು. ಹೋಲಿಕೆಗೆ ಬೇಕಾದದ್ದು ದ್ರಾವಣದ ಅಂಕಿಯಲ್ಲ, ಅಷ್ಟೇ ಪದರಗಳಿರುವ, ರೋಡಮೀನ್ ಜಾಗದಲ್ಲಿ ಬರೀ ಪಿಎಎಚ್ ಇರುವ ಜೊತೆ ಸ್ಲೈಡು. ಅದನ್ನು ಅದೇ ದಿನ, ಅದೇ ಬೀಕರ್‌ಗಳಲ್ಲಿ ಅದ್ದಿರಬೇಕು. ಇದಿಲ್ಲದೆ ಬಂದವರಿಗೆ ನಾನು ಸ್ಲಾಟ್ ಕೊಡುವುದಿಲ್ಲ. ಈ ವಿಷಯದಲ್ಲಿ ನನಗೆ ಒಳ್ಳೆಯ ಹೆಸರಿಲ್ಲ.

ಇಷ್ಟಾದ ಮೇಲೆ ದೂರದ ಗ್ರಾಫ್, ಅಂದರೆ ದೂರ ಹೆಚ್ಚಿದಂತೆ ಎಷ್ಟು ಶಕ್ತಿ ದಾಟುತ್ತದೆ ಎಂಬುದರ ಗೆರೆ. 1960ರ ದಶಕದಲ್ಲಿ ಜರ್ಮನಿಯ ಹ್ಯಾನ್ಸ್ ಕೂನ್ ತಂಡ ಕೊಬ್ಬಿನಾಮ್ಲದ ಏಕಾಣು ಪದರಗಳನ್ನು ನಡುವೆ ಪೇರಿಸಿ, ಬಣ್ಣದ ಪದರದಿಂದ ಬಣ್ಣದ ಪದರಕ್ಕೆ ಶಕ್ತಿ ದಾಟುವುದನ್ನು ಅಳೆಯಿತು. ಎದುರಿಗೆ ಒಂದೇ ಅಣು ಇರದೆ ಇಡೀ ಸಮತಲವೇ ಇದ್ದಾಗ, ಶಕ್ತಿ ದಾಟುವ ಲೆಕ್ಕದಲ್ಲಿ ದೂರದ ಆರನೇ ಘಾತ ಹೋಗಿ ನಾಲ್ಕನೇ ಘಾತ ಬರುತ್ತದೆ. ವಿದ್ಯಾರ್ಥಿಗಳು ತಮ್ಮ ಫಿಲ್ಮಿಗೂ ಅದೇ ಸೂತ್ರ ಹಚ್ಚುತ್ತಾರೆ, ಗೆರೆ ಕೂರುವುದಿಲ್ಲ. ಕೂರಬೇಕಾಗಿಯೂ ಇಲ್ಲ. ಅದ್ದಿ ಕಟ್ಟಿದ ಪಾಲಿಮರ್ ಪದರಗಳು ಚಿರೋಟಿಯ ಎಳೆಗಳಂತೆ ಬಿಡಿಬಿಡಿಯಾಗಿ ನಿಲ್ಲುವುದಿಲ್ಲ. ಒಂದು ಪದರದ ಸರಪಳಿ ಪಕ್ಕದ ಪದರದೊಳಗೆ ನುಗ್ಗಿರುತ್ತದೆ. ನಡುವೆ ಒಂದೇ ಜೋಡಿ ಪದರ ಇಟ್ಟಾಗ ಹಸಿರು ಕೆಂಪು ಅಲ್ಲಲ್ಲಿ ಮೈಗೆ ಮೈ ತಾಗಿಯೇ ಇರುತ್ತವೆ. ಹಾಗಾಗಿ ಅಡ್ಡ ಅಕ್ಷಕ್ಕೆ "ದೂರ" ಅನ್ನದೆ "ನಡುವಿನ ಪದರಗಳ ಸಂಖ್ಯೆ" ಎಂದು ಬರೆಯಿಸುತ್ತೇನೆ. ಎಲಿಪ್ಸೊಮೀಟರ್‌ನಲ್ಲಿ ಅಳೆದ ದಪ್ಪ ಪಕ್ಕದ ಕಾಲಮ್ಮಿನಲ್ಲಿ ಬೇರೆಯಾಗಿ ಇರಲಿ.